ಉರುಫ್ ಇಸ್ರೇಲ್

'ವಿಷಯ' ಎಂದು ಬರೆದು ಅದರ ಮುಂದೆ ಎರಡು ಚುಕ್ಕೆಗಳನ್ನು ಇಡದ ಹೊರತು ನನಗೆ ಯಾವ ಬರವಣಿಗೆಯೂ ಆರಂಭವಾಗುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರದ ಕಚೇರಿಗಳಲ್ಲಿ ಗುಮಾಸ್ತನಾಗಿ ಪತ್ರ ವ್ಯವಹಾರ ನೋಡಿಕೊಂಡು ನಿವೃತ್ತನಾದ ನನಗೆ ಬೇರೆ ರೀತಿಯ ಬರವಣಿಗೆಯ ಅಭ್ಯಾಸವಿಲ್ಲ. ಆದುದರಿಂದ ಮೊದಲೇ ನಮೂದಿಸುತ್ತೇನೆ. ವಿಷಯ: ಮಾವಿನ ಮರದ ಕೊಂಬೆ ಸವರುವ ಒಬ್ಬ ವ್ಯಕ್ತಿಯ ಹೆಸರಿಗೆ ನಾನು ಸೇರಿಸಿದ ಎರಡು ಪದಗಳು, ಹಾಗೂ ಅವುಗಳನ್ನು ತೆಗೆಸುವ ಸಲುವಾಗಿ ನಾನೇ ಬರೆದ ಒಂದು ಅರ್ಜಿ. ಇದರಲ್ಲಿ ಯಾರ ಹೆಸರನ್ನೂ, ಯಾವ ಕಚೇರಿಯ ಹೆಸರನ್ನೂ ಕಾಣಿಸಿರುವುದಿಲ್ಲ. ತಪ್ಪು ಕಚೇರಿಯದಲ್ಲ, ನನ್ನದು.

ನಮ್ಮ ಕಡೆ ಇಸ್ರೇಲ್ ಎಂಬುದು ಮೊದಲಿಗೆ ದೇಶವಾಗಿರಲಿಲ್ಲ, ಪದ್ಧತಿಯಾಗಿತ್ತು. ಸುಗಟೂರಿನ ಟೊಮೆಟೊ ಸಾಲುಗಳ ಬುಡಕ್ಕೆ ಹನಿ ಹನಿಯಾಗಿ ನೀರುಣಿಸುವ ಕಪ್ಪು ಪೈಪು ಇಸ್ರೇಲ್. ಲಕ್ಕೂರಿನ ಬಳಿ ಹಸಿರು ಪರದೆಯ ಒಳಗೆ ಬೆಳೆಯುವ ದಪ್ಪ ಮೆಣಸಿನಕಾಯಿ ಇಸ್ರೇಲ್. ಮಾವಿನ ಸಸಿಗಳನ್ನು ಒತ್ತೊತ್ತಾಗಿ ನೆಟ್ಟರೆ ಅದು ಇಸ್ರೇಲ್ ತೋಟ. "ನಿಮ್ದು ನಾಟಿ ತೋಟಾನಾ, ಇಸ್ರೇಲಾ?" ಎಂದು ಸಂತೆಯಲ್ಲಿ ಒಬ್ಬರು ಕೇಳಿದರೆ, "ಅರ್ಧ ಇಸ್ರೇಲ್ ಮಾಡಿವ್ನಿ" ಎಂದು ಇನ್ನೊಬ್ಬರು ಉತ್ತರಿಸುತ್ತಿದ್ದರು. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಯಹೂದಿ ಕುಟುಂಬ ವಾಸವಿದ್ದುದಕ್ಕೆ ನನ್ನ ಸೇವಾವಧಿಯಲ್ಲಿ ಯಾವ ದಾಖಲೆಯನ್ನೂ ನಾನು ನೋಡಿಲ್ಲ. ಯಹೂದಿಯೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದು ಒಮ್ಮೆ ಮಾತ್ರ. ಅದೂ ಒಂದು ಮಾವಿನ ಮರದ ಕೆಳಗೆ.

ಆ ದಿನ ಶ್ರೀನಿವಾಸಪುರದ ಆಚೆಯ ಒಂದು ತೋಟದಲ್ಲಿ ರೈತರಿಗೆ ಕೊಂಬೆ ಸವರುವ ತರಬೇತಿಯಿತ್ತು. ಇಸ್ರೇಲಿನಿಂದ ಬಂದಿದ್ದ ತಜ್ಞರು ಹಳೆಯ ಮರದ ನಡುಗೊಂಬೆಯನ್ನೇ ಕತ್ತರಿಸಬೇಕು, ಒಳಗೆ ಬಿಸಿಲು ಬೀಳಬೇಕು ಎಂದು ಹೇಳಿದಾಗ ರೈತರಲ್ಲಿ ಗುಜುಗುಜು ಎದ್ದಿತು. ತಾತನ ಕಾಲದ ಮರದ ನಡುಗೊಂಬೆಗೆ ಗರಗಸ ಇಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮರ ಹತ್ತಿದವರು, ಸುತ್ತಲಿನ ಹಳ್ಳಿಗಳಲ್ಲಿ ಮಾವಿಗೆ ಕಸಿ ಕಟ್ಟುತ್ತಿದ್ದ ಸುಮಾರು ನಲವತ್ತೈದು ವರ್ಷದ ಒಬ್ಬರು. ಜನ ಅವರನ್ನು ಕಸಿ ಸಾಬರು ಎನ್ನುತ್ತಿದ್ದರು. ತಜ್ಞರು ಕೈಸನ್ನೆ ಮಾಡಿದ ಕಡೆಯೆಲ್ಲ ಅವರು ಕತ್ತರಿಸಿದರು. ಕತ್ತರಿಸಿದ ಗಾಯಕ್ಕೆ ಸುಣ್ಣ ಮತ್ತು ಮೈಲುತುತ್ತ ಕಲಸಿದ ಮುಲಾಮನ್ನು, ಮಗುವಿನ ಹಣೆಗೆ ಹಚ್ಚುವಂತೆ ಎರಡು ಬೆರಳಿನಲ್ಲಿ ಬಳಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆದರೂ ಅರ್ಧ ಗಂಟೆಯಲ್ಲಿ ಆ ಮರ, ಬಾಗಿಲು ತೆರೆದ ಕೋಣೆಯಂತೆ ಒಳಗಿನಿಂದ ಬೆಳಗಿತು.

"ನೋಡ್ರಪ್ಪಾ, ಇವತ್ತಿಂದ ಇವ್ರು ಇಸ್ರೇಲ್ ಸಾಬ್ರು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವರೂ ಮರದ ಮೇಲಿನಿಂದಲೇ ನಕ್ಕರು.

ಹಾಜರಾದವರ ಪಟ್ಟಿ ಬರೆಯುವುದು ನನ್ನ ಕೆಲಸವಾಗಿತ್ತು. ನಮ್ಮ ದಾಖಲೆಗಳಲ್ಲಿ ವ್ಯಕ್ತಿಯ ಹೆಸರು, ಅನಂತರ 'ಬಿನ್', ಅನಂತರ ತಂದೆಯ ಹೆಸರು ಬರೆಯುವುದು ರೂಢಿ. ಹಿಂದೂ ಆಗಲಿ ಮುಸಲ್ಮಾನರಾಗಲಿ ಎಲ್ಲರಿಗೂ ಅದೇ 'ಬಿನ್'. ಪ್ರತಿ ಸಾಲಿನಲ್ಲಿಯೂ ಒಂದೇ ಪದ ಬರುತ್ತಿದ್ದುದನ್ನು ಕಂಡು ತಜ್ಞರು ಅದೇನೆಂದು ನಮ್ಮ ಅಧಿಕಾರಿಗಳನ್ನು ಕೇಳಿದರು. ಮಗ ಎಂದರ್ಥ ಎಂದು ತಿಳಿದಾಗ, ತಮ್ಮ ಭಾಷೆಯಲ್ಲಿ ಅದು 'ಬೆನ್' ಎಂದರು.

"ಅರಬ್ಬೀಲೂ ಬಿನ್ನೇ ಸಾರ್," ಎಂದರು ಕಸಿ ಸಾಬರು.

ಎಷ್ಟೋ ಸಾವಿರ ಮುನಿಯಪ್ಪ, ವೆಂಕಟಪ್ಪಂದಿರ ಹೆಸರುಗಳ ನಡುವೆ ಆ ಪದವನ್ನು ಬರೆದಿದ್ದ ನನಗೆ ಅದು ಎಲ್ಲಿಂದ ಬಂದದ್ದೆಂದು ಅಂದಿನವರೆಗೆ ಗೊತ್ತಿರಲಿಲ್ಲ.

ಪಟ್ಟಿಯಲ್ಲಿ ಒಂದು ತೊಡಕು ಕಾಣಿಸಿತು. ಕಸಿ ಸಾಬರ ಹೆಸರಿನವರೇ ಇನ್ನೊಬ್ಬರಿದ್ದರು. ತಂದೆಯ ಹೆಸರೂ ಒಂದೇ, ಗ್ರಾಮವೂ ಒಂದೇ. ಅವರು ತರಕಾರಿ ಮಂಡಿಯವರು. ಇಂತಹ ಸಂದರ್ಭದಲ್ಲಿ ಒಬ್ಬರ ಹೆಸರಿನ ಮುಂದೆ 'ಉರುಫ್' ಎಂದು ಬರೆದು ವಾಡಿಕೆಯ ಹೆಸರನ್ನು ಸೇರಿಸುತ್ತೇವೆ. 'ಉರುಫ್ ಕಸಿ' ಎಂದು ಬರೆಯಬಹುದಿತ್ತು. ಅಂದಿನ ಉತ್ಸಾಹದಲ್ಲಿ ನಾನು 'ಉರುಫ್ ಇಸ್ರೇಲ್' ಎಂದು ಬರೆದೆ. ಪಕ್ಕದಲ್ಲಿ ಕಿರುಸಹಿ ಹಾಕಿದೆ. ಬಾಯಲ್ಲಿ ಮಾತ್ರ ಉಳಿದಿದ್ದರೆ ಆ ಹೆಸರು ಸಂಜೆಯ ಹೊತ್ತಿಗೆ ಮರೆತುಹೋಗುತ್ತಿತ್ತೋ ಏನೋ. ಪಟ್ಟಿಯಿಂದ ಅದು ಅವರ ತರಬೇತಿ ಪ್ರಮಾಣಪತ್ರಕ್ಕೆ ಇಳಿಯಿತು. ಪ್ರಮಾಣಪತ್ರದಲ್ಲಿ ಭಾವಚಿತ್ರವಿದ್ದುದರಿಂದ, ಹೊಸ ಪಡಿತರ ಚೀಟಿ ಮಾಡಿಸುವಾಗ ಅವರು ಅದನ್ನೇ ದಾಖಲೆಯಾಗಿ ಕೊಟ್ಟರು. ಕಂಪ್ಯೂಟರಿನ ಮುಂದೆ ಕುಳಿತವರು ಇದ್ದುದನ್ನು ಇದ್ದಂತೆ ಟೈಪು ಮಾಡಿದರು. ನಮ್ಮಲ್ಲಿ ತಪ್ಪುಗಳು ಹೀಗೆ ಸಾಗುತ್ತವೆ. ಯಾರಿಗೂ ದುರುದ್ದೇಶವಿರುವುದಿಲ್ಲ, ಎಲ್ಲರೂ ನಕಲು ಮಾಡುತ್ತಿರುತ್ತಾರೆ.

ಆ ಹೆಸರಿನಿಂದ ಅವರಿಗೆ ಆಗ ಒಳ್ಳೆಯದೇ ಆಯಿತು ಎಂಬುದನ್ನು ಇಲ್ಲಿ ಹೇಳಬೇಕು. ಮುಳಬಾಗಿಲಿನ ಗಡಿಯಿಂದಲೂ ರೈತರು ಇಸ್ರೇಲ್ ಸಾಬರನ್ನು ಹುಡುಕಿಕೊಂಡು ಬಂದರು. ಒಮ್ಮೆ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಮಸೀದಿಯಲ್ಲಿ ಯಾರೂ ಏನೂ ಅನ್ನುವುದಿಲ್ಲವೇ ಎಂದು ಕೇಳಿದೆ. ಅವರು ನನ್ನ ಅಜ್ಞಾನಕ್ಕೆ ಮರುಗುವವರಂತೆ ಹೇಳಿದರು:

"ಯಾಕಂತಾರೆ ಸಾರ್? ಅದು ನಮ್ಮ ಯಾಕೂಬ್ ನಬೀದು, ಒಬ್ಬ ಪ್ರವಾದೀದು, ಇನ್ನೊಂದು ಹೆಸರು. ಇಬ್ರಾಹಿಂ ನಬೀಗೆ ಮೊಮ್ಮಗ. ಕುರಾನ್‌ನಾಗೇ ಬತ್ತದೆ. ನಂಗೆ ಪುಕ್ಕಟೆ ನಬಿ ಹೆಸರು ಸಿಕ್ಕಿದ್ರೆ ಬೇಡ ಅಂತೀನಾ?"

ಅನಂತರ ಯುದ್ಧ ಬಂದಿತು. ಯಾವುದೆಂದು ವಿವರಿಸುವ ಅಗತ್ಯವಿಲ್ಲ. ಎಲ್ಲರ ಫೋನಿನಲ್ಲಿಯೂ ಅದು ಇತ್ತು, ಇನ್ನೂ ಇದೆ. ಮೊದಲು ಇಸ್ರೇಲಿನ ಹಳ್ಳಿಗಳಲ್ಲಿ ಮನೆಯೊಳಗೇ ಕೊಲ್ಲಲ್ಪಟ್ಟವರ ಚಿತ್ರಗಳು ಬಂದವು. ಅನಂತರ ಗಾಜಾದ ಚಿತ್ರಗಳು ಬಂದವು, ಅವು ನಿಲ್ಲಲೇ ಇಲ್ಲ. ನಮ್ಮ ಬೀದಿಯಲ್ಲಿ ಒಂದೇ ಚಹಾದಂಗಡಿಗೆ ಬರುತ್ತಿದ್ದವರು ತಮ್ಮ ತಮ್ಮ ಫೋನುಗಳಲ್ಲಿ ಬೇರೆ ಬೇರೆ ಸತ್ತವರನ್ನು ನೋಡುತ್ತಿದ್ದರು. ಕೆಲವರು ಒಂದು ಪಕ್ಷದ ಸಾವಿಗೆ ಚಪ್ಪಾಳೆ ತಟ್ಟಿದ್ದನ್ನೂ ನಾನು ಕೇಳಿದೆ. ಅವರಾರೂ ಆ ಎರಡು ಜನಾಂಗಗಳ ಒಬ್ಬರನ್ನೂ ಕಂಡವರಲ್ಲ. ಕಾಣದವರ ಮೇಲಿನ ಕೋಪವನ್ನು ತೀರಿಸಿಕೊಳ್ಳಲು ಕಾಣುವವರು ಬೇಕಾಗುತ್ತದೆ.

ಬೈರಕೂರಿನ ಕಡೆ ನನ್ನ ಭಾವನವರ, ಅಂದರೆ ಅಕ್ಕನ ಗಂಡನವರ, ಮಾವಿನ ತೋಟವಿದೆ. ಕೊಂಬೆ ಸವರಲು ಕಸಿ ಸಾಬರನ್ನು ಕರೆಸಿದ್ದವನು ನಾನೇ. ಆ ಬೆಳಿಗ್ಗೆ ನಾನೂ ಅಲ್ಲಿದ್ದೆ. ಗರಗಸ ಹಿಡಿದು ಅವರು ಬರುತ್ತಿದ್ದಂತೆ ಭಾವನವರು ನಾಲ್ಕು ಜನರ ಮುಂದೆ ಕೂಗಿದರು:

"ಬಂತಪ್ಪೋ ಇಸ್ರೇಲ್! ಏನ್ ಸಾಬ್ರೇ, ಇವತ್ತು ಎಷ್ಟು ತಲೆ ಉರುಳಿಸ್ತೀರಾ? ಟೀವೀಲಿ ನಿಮ್ಮೋರು ಜೋರಾಗಿ ಮಾಡ್ತಾವ್ರೆ!"

"ಕೊಂಬೆ ಸಾಮಿ, ಕೊಂಬೆ," ಎಂದರು ಅವರು.

"ಅದೇಯ್ಯಾ, ಬೇರು ಸಮೇತ ತೆಗೀತಾವ್ರಲ್ಲ ಅಲ್ಲಿ? ನಿಮ್ಮ ಗರಗಸಾನೂ ಕಳ್ಸಿ ಅತ್ಲಾಗೆ!"

ಸಾಬರು ಗರಗಸ ಹಿಡಿದು ಮರದ ಕಡೆ ನಡೆದರು. "ಕೋಪಂ ವಚ್ಚಿಂದಿ ಸಾಬುಕಿ" ಎಂದು, ಸಾಬರಿಗೆ ಸಿಟ್ಟು ಬಂತೆಂದು, ಆಳೊಬ್ಬ ತೆಲುಗಿನಲ್ಲಿ ಹೇಳಿ ನಕ್ಕ. ಭಾವನವರು ಕೆಟ್ಟವರಲ್ಲ. ಮಧ್ಯಾಹ್ನ ಅವರೇ ಮುದ್ದೆಗೆ ಸೊಪ್ಪಿನ ಸಾರು ಹಾಕಿಸಿ ಸಾಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದರು. ಆದರೆ ಆ ದಿನ ಸಾಬರು ಯಾವ ಮರದ ನಡುಗೊಂಬೆಯನ್ನೂ ಮುಟ್ಟಲಿಲ್ಲ. ಹೊರಗಿನ ಒಣಕಲನ್ನು ಮಾತ್ರ ತೆಗೆದು ಹೊರಟುಹೋದರು. ನಾನು ಅಲ್ಲಿ ಏನಾದರೂ ಹೇಳಬಹುದಿತ್ತು. ಅಕ್ಕನ ಮನೆಯೆಂದು ಸುಮ್ಮನಿದ್ದೆ.

ಕೆಲವು ವಾರಗಳಾದ ಮೇಲೆ ಸಾಬರು ನಮ್ಮ ಮನೆಗೆ ಬಂದರು. ಆ ವೇಳೆಗೆ ನಾನು ನಿವೃತ್ತನಾಗಿದ್ದೆ. ಅವರು ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟರು. ಹಿಂದೆಲ್ಲ ಮೆಟ್ಟಿಲವರೆಗೆ ತರುತ್ತಿದ್ದರು.

"ಸಾರ್, ಒಂದು ಅರ್ಜಿ ಬರ್ಕೊಡ್ಬೇಕು. ನಮ್ ಹುಡುಗೀದು ನಿಕಾ ಗೊತ್ತಾಗೈತೆ, ಮುಳಬಾಗ್ಲು ಕಡೆ. ಹುಡುಗ ಬೈಕ್ ಮೆಕ್ಯಾನಿಕ್ಕು, ಒಳ್ಳೇವ್ನು."

"ಸಂತೋಷ ಸಾಬ್ರೇ. ಅರ್ಜಿ ಯಾಕೆ?"

ಅವರು ಪಡಿತರ ಚೀಟಿಯ ಪ್ರತಿಯನ್ನು ಮುಂದಿಟ್ಟರು. ನಿಕಾಹ್ ಪುಸ್ತಕದಲ್ಲಿ ಹುಡುಗಿಯ ತಂದೆಯ ಹೆಸರನ್ನು ದಾಖಲೆಯಲ್ಲಿ ಇರುವಂತೆಯೇ ಬರೆಯುತ್ತಾರೆ. ದಾಖಲೆಯ ಪ್ರತಿ ನೋಡಿದ ಹುಡುಗನ ದೊಡ್ಡಪ್ಪ ತಡೆದಿದ್ದರು.

"ಏನಂದ್ರು ಅವ್ರು?"

"'ದಿನಾ ಫೋನ್‌ನಾಗೆ ಸತ್ತ ಮಕ್ಕಳ ಮಯ್ಯತ್ ನೋಡಿ ನಮ್ಮ ಹೆಂಗಸ್ರು ಊಟ ಬಿಟ್ಟವ್ರೆ. ಈ ಹೆಸ್ರು ನಮ್ಮ ಮನೆ ಕಿತಾಬ್‌ನಾಗೆ ಬರೀಬೇಕಾ ಭಾಯ್?' ಅಂದ್ರು. ಅವ್ರು ಬೈಲಿಲ್ಲ ಸಾರ್. ಬೈದಿದ್ರೆ ಜಗಳ ಆಡ್ತಿದ್ದೆ. ಅವ್ರು ಅತ್ತು ಬಿಟ್ರು." ಚೀಟಿಯ ಪ್ರತಿಯನ್ನು ಇನ್ನಷ್ಟು ನನ್ನ ಕಡೆ ಸರಿಸಿ, "ಎರಡು ವಾರ ಟೈಮ್ ಐತೆ. ಹೆಸ್ರು ತೆಗ್ಸಿದ್ರೆ ನಿಕಾ. ಇಲ್ಲಾಂದ್ರೆ ನೋಡೋಣ ಅಂದವ್ರೆ," ಎಂದರು.

ತಿದ್ದುಪಡಿ ಅರ್ಜಿಯ ನಮೂನೆಯಲ್ಲಿ 'ತಿದ್ದುಪಡಿಗೆ ಕಾರಣ' ಎಂಬ ಒಂದು ಅಂಕಣವಿದೆ. ಅದನ್ನು ಖಾಲಿ ಬಿಟ್ಟರೆ ಅರ್ಜಿ ಹಿಂದಕ್ಕೆ ಬರುತ್ತದೆ. ಸತ್ಯವಾದ ಕಾರಣ ನನಗೆ ಗೊತ್ತಿತ್ತು: 'ಸದರಿ ಪದಗಳನ್ನು ಪಟ್ಟಿ ತಯಾರಿಸಿದ ಗುಮಾಸ್ತರು ಅರ್ಜಿದಾರರನ್ನು ಕೇಳದೆ ಸೇರಿಸಿರುತ್ತಾರೆ.' ಹಾಗೆ ಬರೆದರೆ ಮೂಲ ಪಟ್ಟಿಯನ್ನು ತರಿಸುತ್ತಾರೆ. ಅದರಲ್ಲಿ ನನ್ನ ಕೈಬರಹವಿದೆ, ಕಿರುಸಹಿಯಿದೆ. ವಿವರಣೆ ಕೇಳಿ ನೋಟಿಸು ಬರಬಹುದು. ಇಂತಹ ಕಾಲದಲ್ಲಿ, ಮುಸಲ್ಮಾನರೊಬ್ಬರಿಗೆ ಇಸ್ರೇಲ್ ಎಂದು ಹೆಸರಿಟ್ಟ ಗುಮಾಸ್ತ ಯಾರೆಂದು ಪತ್ರಿಕೆಯವರೂ ಕೇಳಬಹುದು. ಇಷ್ಟೆಲ್ಲವನ್ನೂ ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಯೋಚಿಸಿದೆ. ಕಚೇರಿಯ ತಪ್ಪು ಎಂದು ಬರೆದರೆ ವಿಚಾರಣೆಯಾಗುತ್ತದೆ, ಎರಡು ವಾರದಲ್ಲಿ ಮುಗಿಯುವುದಿಲ್ಲ ಎಂದು ಅವರಿಗೆ ಹೇಳಿದೆ. ಅದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ವಿಚಾರಣೆ ಯಾರ ಮೇಲೆ ಎಂಬುದನ್ನು ಹೇಳಲಿಲ್ಲ.

ಅಂಕಣದಲ್ಲಿ ಹೀಗೆ ಬರೆದೆ: 'ಸದರಿ ಹೆಸರು ಅರ್ಜಿದಾರರಿಗೆ ಹಾಗೂ ಅವರ ಕುಟುಂಬಕ್ಕೆ ಅಗೌರವ ತರುವಂತಹುದಾಗಿರುತ್ತದೆ.'

ಅವರು ಉರ್ದು ಶಾಲೆಯಲ್ಲಿ ಓದಿದವರು. ಕನ್ನಡವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಾರೆ. ರುಜು ಹಾಕುವ ಮುನ್ನ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

"ಅಗೌರವ ಅಂದ್ರೆ?"

"ಬೇಇಜ್ಜತಿ," ಎಂದೆ.

ಅವರು ಬೆರಳನ್ನು ತೆಗೆಯಲಿಲ್ಲ. "ಯಾಕೂಬ್ ನಬಿ ಹೆಸ್ರು ಬೇಇಜ್ಜತೀನಾ ಸಾರ್?"

"ನಬಿ ಹೆಸರು ಅಂತ ಅಲ್ಲ ಸಾಬ್ರೇ. ದೇಶದ ಹೆಸರು ಅಂತ ತಿಳ್ಕೊಳ್ಳಿ."

"ದೇಶಕ್ಕೆ ಆ ಹೆಸ್ರು ಎಲ್ಲಿಂದ ಬಂತು ಮತ್ತೆ?"

ನಾನು ಪೆನ್ನನ್ನು ಅವರ ಕಡೆ ಸರಿಸಿದೆ. ಹೆಂಡತಿ ಒಳಗಿನಿಂದ ಚಹಾ ತಂದಿಟ್ಟಳು. ಅವರು ಅದನ್ನು ಕುಡಿಯದೆ, ಬಿಸ್ಮಿಲ್ಲಾ ಎನ್ನದೆ, ರುಜು ಹಾಕಿದರು. ಯಾವ ಕಾಗದಕ್ಕೆ ರುಜು ಹಾಕುವಾಗಲೂ ಅವರು ತುಟಿಯಲ್ಲಿ ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳುವುದನ್ನು ನಾನು ಹಲವು ಸಲ ನೋಡಿದ್ದೆ.

ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ, ಗ್ರಂಥಾಲಯದಲ್ಲಿ ಸಿಕ್ಕ ಚರಿತ್ರೆಯ ಪುಸ್ತಕಗಳನ್ನು ಹಲವು ದಿನ ಓದಿದೆ. ಕಡತ ಓದುವವನಿಗೆ ಒಂದು ಚಾಳಿಯಿರುತ್ತದೆ, ಮೊದಲ ಪತ್ರ ಯಾವುದೆಂದು ಹಿಂದಕ್ಕೆ ಹುಡುಕುತ್ತಾನೆ. ಈ ಕಡತದಲ್ಲಿ ಮೊದಲ ಪತ್ರ ಸಿಗಲಿಲ್ಲ. ಇಸ್ಲಾಮಿನ ಮೊದಲ ದಿನಗಳಲ್ಲೇ, ಮದೀನಾದಲ್ಲಿ, ಮುಸಲ್ಮಾನರಿಗೆ ಯಹೂದಿ ಕುಲಗಳೊಂದಿಗೆ ಒಪ್ಪಂದವೂ ಇತ್ತು, ಕಾದಾಟವೂ ಆಯಿತು, ರಕ್ತವೂ ಹರಿಯಿತು. ಅನಂತರದ ಶತಮಾನಗಳಲ್ಲಿ ಮುಸಲ್ಮಾನ ದೊರೆಗಳ ಕೆಳಗೆ ಯಹೂದಿಗಳು ಬಾಳಿದರು. ಸಮಾನರಾಗಿ ಅಲ್ಲ, ಪ್ರತ್ಯೇಕ ತೆರಿಗೆ ಕೊಟ್ಟುಕೊಂಡು, ಆದರೆ ಬಾಳಿದರು. ಯೂರೋಪಿನ ಶಿಲುಬೆಯ ದಂಡುಗಳು ಜೆರುಸಲೇಮನ್ನು ಹಿಡಿದಾಗ ಊರೊಳಗಿದ್ದ ಮುಸಲ್ಮಾನರನ್ನೂ ಯಹೂದಿಗಳನ್ನೂ ಒಟ್ಟಿಗೆ ಕೊಂದವು. ಸ್ಪೇನಿನ ದೊರೆಗಳು ಯಹೂದಿಗಳನ್ನು ಹೊರಗಟ್ಟಿದಾಗ ಅವರಲ್ಲಿ ಬಹಳ ಮಂದಿಗೆ ನೆಲೆ ಕೊಟ್ಟದ್ದು ತುರ್ಕಿಯ ಸುಲ್ತಾನರ ರಾಜ್ಯ. ಕೊನೆಗೆ ಯೂರೋಪು ತನ್ನ ನಡುವೆಯೇ ಇದ್ದ ಯಹೂದಿಗಳನ್ನು ಪಟ್ಟಿ ಮಾಡಿ, ರೈಲಿನಲ್ಲಿ ತುಂಬಿ, ಕೊಂದಿತು. ಪಟ್ಟಿ ಮಾಡಿ ಎಂಬ ಮಾತು ಬಂದ ಪುಟದಲ್ಲಿ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ. ಆ ಪಟ್ಟಿಗಳನ್ನು ಬರೆದವರೂ ನನ್ನಂತಹ ಗುಮಾಸ್ತರೇ ಆಗಿರಬೇಕು. ಅಕ್ಷರ ದುಂಡಗಿರುವವರು, ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುವವರು.

ನನಗೆ ಹೆಚ್ಚು ಅರ್ಥವಾದದ್ದು ಆ ಕೊಲೆಗಳಿಗೂ ಮುಂಚಿನ, ಮೊದಲ ಮಹಾಯುದ್ಧದ ಕಾಲದ ಭಾಗ. ಬ್ರಿಟನ್ ಆಗ ಅರಬ್ ಮುಖಂಡರಿಗೆ ಸ್ವತಂತ್ರ ರಾಜ್ಯದ ಆಸೆ ಹುಟ್ಟಿಸುವ ಪತ್ರಗಳನ್ನು ಬರೆಯಿತು. ಅದೇ ಸೀಮೆಯನ್ನು ಹಂಚಿಕೊಳ್ಳಲು ಫ್ರಾನ್ಸಿನೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿತು. ಯಹೂದಿಗಳಿಗೆ ಅಲ್ಲಿ, ಜೆರುಸಲೇಮಿನ ಸುತ್ತಲಿನ ನೆಲದಲ್ಲಿ, ನೆಲೆಯಾಗುವುದನ್ನು ಸಮ್ಮತಿಯಿಂದ ನೋಡುತ್ತೇವೆ ಎಂದು ಇನ್ನೊಂದು ಪತ್ರ ಕೊಟ್ಟಿತು. ಆ ಕೊನೆಯದು ಒಂದು ಪುಟವೂ ತುಂಬದ ಪತ್ರ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ತನ್ನದಲ್ಲದ ಒಂದೇ ಸರ್ವೆ ನಂಬರಿನ ಜಮೀನಿಗೆ ಮೂರು ಕಡೆ ಭರವಸೆ ಕೊಟ್ಟಂತೆ. ಅಲ್ಲಿ ವಾಸವಿದ್ದವರಿಗೆ ತಿಳುವಳಿಕೆ ಪತ್ರ ಹೋಗಲಿಲ್ಲ. ಮುಂದೆ ಇಸ್ರೇಲ್ ದೇಶ ಹುಟ್ಟಿದಾಗ ಲಕ್ಷಗಟ್ಟಲೆ ಅರಬರು ಮನೆ ಕಳೆದುಕೊಂಡರು. ಆಮೇಲೆ ಅರಬ್ ದೇಶಗಳಲ್ಲಿದ್ದ ಲಕ್ಷಗಟ್ಟಲೆ ಯಹೂದಿಗಳೂ ತಮ್ಮ ಮನೆಗಳನ್ನು ಬಿಟ್ಟುಬಂದರು. ಆ ಪತ್ರಗಳಲ್ಲಿ ಬೈಗುಳವಿರಲಿಲ್ಲ, ಒರಟು ಮಾತಿರಲಿಲ್ಲ. ಎಲ್ಲವೂ ವಿನಯದ, ಎರಡು ಅರ್ಥಕ್ಕೆ ಎಡೆಯಿರುವ, ಬರೆದವರ ಮೇಲೆ ಏನೂ ಬಾರದಂತೆ ಬರೆದ ವಾಕ್ಯಗಳು. ಅಂತಹ ವಾಕ್ಯವನ್ನು ನಾನು ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಬರೆದಿದ್ದೆ.

ತಿದ್ದುಪಡಿ ಹತ್ತನೆಯ ದಿನಕ್ಕೆ ಮಂಜೂರಾಯಿತು. ನಿಕಾಹ್‌ಗೆ ಮುಳಬಾಗಿಲಿಗೆ ನಾನೂ ಹೋಗಿದ್ದೆ. ಪುಸ್ತಕದಲ್ಲಿ ತಂದೆಯ ಹೆಸರು ಬರೆಯುವಾಗ ಹುಡುಗನ ದೊಡ್ಡಪ್ಪ ಹೊಸ ಚೀಟಿಯನ್ನು ತಾವೇ ಹಿಡಿದು ನೋಡಿದರು. ನೋಡಿ, ಕಸಿ ಸಾಬರನ್ನು ಅಪ್ಪಿಕೊಂಡರು. ಹುಡುಗಿ ಪರದೆಯ ಆಚೆಯಿಂದ ಒಪ್ಪಿಗೆ ಹೇಳಿದ್ದು ಕೇಳಿಸಿತು. ಅಂದುಕೊಂಡದ್ದು ನೆರವೇರಿತ್ತು. ಊಟದ ಸಾಲಿನಲ್ಲಿ ಸಾಬರು ಎಲ್ಲರಿಗೂ ತಾವೇ ಬಡಿಸುತ್ತಾ ಬಂದರು, ನನಗೂ ಬಡಿಸಿದರು. "ಇನ್ನ ಸ್ವಲ್ಪ ಹಾಕ್ಲಾ ಸಾರ್?" ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಅನಂತರ ಅವರು ಮರ ಸವರುವ ಕೆಲಸವನ್ನೇ ಬಿಟ್ಟರೆಂದು ಭಾವನವರಿಂದ ತಿಳಿಯಿತು. "ಏನ್ ಮಾರಾಯಾ, ತಮಾಷೆ ಮಾಡಿದ್ದಕ್ಕೆ ಇಷ್ಟೊಂದಾ? ನಾನೇ ಹೋಗಿ ಕರೆದೆ, ಬರಲ್ಲ ಅಂತಾನೆ," ಎಂದರು. ಅವರ ಮುಖದಲ್ಲಿ ನಿಜವಾದ ಬೇಸರವಿತ್ತು. ಸುಗಟೂರು ರಸ್ತೆಯ ಒಂದು ನರ್ಸರಿಯಲ್ಲಿ ಸಾಬರು ಕಸಿ ಕಟ್ಟುತ್ತಿದ್ದಾರೆಂದು ತಿಳಿದು, ಒಂದು ಮಧ್ಯಾಹ್ನ ಬಸ್ಸಿನಲ್ಲಿ ಅಲ್ಲಿಗೆ ಹೋದೆ.

ಅವರು ನೆರಳು ಪರದೆಯ ಕೆಳಗೆ ಗೋಣಿಯ ಮೇಲೆ ಕುಳಿತು, ಕಸಿಯ ಸಂದಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದರು. ಹೇಳಬೇಕಾದುದನ್ನು ನಾನು ದಾರಿಯಲ್ಲೇ ವಾಕ್ಯ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ ಮಾತು.

"ಸಾಬ್ರೇ, ಕಾರಣದ ಜಾಗದಲ್ಲಿ ಗುಮಾಸ್ತನ ತಪ್ಪು ಅಂತ ಬರೀಬಹುದಿತ್ತು. ಪಟ್ಟೀಲಿ ಆ ಹೆಸರು ಸೇರಿಸಿದ್ದು ನಾನು. ನನ್ ಮೇಲೆ ಬರ್ತದೆ ಅಂತ ಭಯ ಆಯ್ತು."

ಅವರ ಕೈ ನಿಲ್ಲಲಿಲ್ಲ. "ಪಟ್ಟಿ ನೀವು ಬರೆದಿದ್ದು ಅವತ್ತೇ ಗೊತ್ತು ಸಾರ್. ನಾನು ಪಕ್ಕದಾಗೇ ನಿಂತಿದ್ನಲ್ಲ. ಖುಷಿ ಆಗಿತ್ತು ನಂಗೆ."

"ಅರ್ಜೀಲಿ ಬರೆದದ್ದು..."

"ತಪ್ಪು ಅಂದಿದ್ರೆ ನಿಮ್ ಮೇಲೆ ಬರ್ತಿತ್ತು. ಬೇಇಜ್ಜತಿ ಅಂದ್ರಿ, ಅದು ನಬಿ ಮೇಲೆ ಹೋಯ್ತು." ಪ್ಲಾಸ್ಟಿಕ್ ಪಟ್ಟಿಯ ತುದಿಯನ್ನು ಹಲ್ಲಿನಿಂದ ಕಡಿದು ಗಂಟು ಹಾಕಿದರು. "ಮಗಳ ನಿಕಾ ಆಗ್ಲಿ ಅಂತ ನಾನೂ ರುಜು ಹಾಕ್ದೆ. ಬರೆದಿದ್ದಕ್ಕೆ ನೀವು ಜವಾಬು ಕೊಡಿ, ರುಜು ಹಾಕಿದ್ದಕ್ಕೆ ನಾನು ಕೊಡ್ತೀನಿ. ಇಬ್ರುದೂ ಬೇರೆ ಬೇರೆ."

ಕಚೇರಿಗೆ ಹೋಗಿ ಆ ಕಾರಣವನ್ನು ಬದಲಿಸಲು ಇನ್ನೊಂದು ಅರ್ಜಿ ಕೊಡೋಣ, ಈ ಸಲ ನಿಜವನ್ನೇ ಬರೆಯುತ್ತೇನೆ ಎಂದೆ. ಅವರು ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ.

"ಬೇಡ ಸಾರ್. ನನ್ ವಿಷ್ಯಾ ಇನ್ನೇನೂ ಬರೀಬೇಡಿ," ಎಂದು ಹೇಳಿ, ಮುಂದಿನ ಸಸಿಯನ್ನು ಕೈಗೆತ್ತಿಕೊಂಡರು.

ಅವರು ಬೇಡವೆಂದ ಮೇಲೂ ಇದನ್ನು ಬರೆದಿರುತ್ತೇನೆ. ಇದಕ್ಕೆ ಅವರ ಒಪ್ಪಿಗೆಯನ್ನು ಪಡೆದಿರುವುದಿಲ್ಲ.